ಎರಡು ಕಿಟಕಿ, ಒಂದು ಸರಪಳಿ

ನನಗೆ ಗೊತ್ತಿರುವ ವಿದ್ಯೆ ಒಂದೇ. ಎರಡು ಕಾಗದಗಳನ್ನು ಅಕ್ಕಪಕ್ಕ ಇಟ್ಟುಕೊಂಡು, ಇದರಲ್ಲಿದ್ದದ್ದು ಅದರಲ್ಲಿದೆಯೇ ಎಂದು ನೋಡುವುದು. ಇದನ್ನು ವಿದ್ಯೆ ಎಂದು ಒಪ್ಪುವವರು ಕಡಿಮೆ. ನಮ್ಮ ಮಾವನವರಂತೂ ಮೊದಲ ಭೇಟಿಯಲ್ಲೇ, "ಅಂದ್ರೆ ನೀವು ಬರೆಯೋದೂ ಇಲ್ಲ, ಅಚ್ಚು ಹಾಕೋದೂ ಇಲ್ಲ, ಸುಮ್ನೆ ನೋಡ್ತೀರಿ" ಎಂದು ನನ್ನ ಇಡೀ ಜೀವನವನ್ನು ಒಂದು ಸಾಲಿನಲ್ಲಿ ಮುಗಿಸಿಬಿಟ್ಟಿದ್ದರು. ಆದರೂ ಮಗಳನ್ನು ಕೊಟ್ಟರು. ಸುಮ್ಮನೆ ನೋಡುವವನಿಂದ ಯಾರಿಗೂ ಅಪಾಯವಾಗಲಾರದು ಎಂದು ಅವರಿಗೆ ಅನ್ನಿಸಿರಬೇಕು. ಅವರು ಬದುಕಿದ್ದಿದ್ದರೆ, ಹೋದ ವರ್ಷ ನಮ್ಮ ಬೀದಿಗೆ ಅಗ್ನಿಶಾಮಕ ದಳದ ಗಾಡಿ ಬಂದು ನಿಂತದ್ದನ್ನು ನೋಡಿ ಅಭಿಪ್ರಾಯ ಬದಲಾಯಿಸಿಕೊಳ್ಳುತ್ತಿದ್ದರು.

ಮೂವತ್ತೆರಡು ವರ್ಷ ನಾನು ಒಂದು ದಿನಪತ್ರಿಕೆಯಲ್ಲಿ ಪ್ರೂಫ್ ತಿದ್ದಿದೆ. ನಮ್ಮ ಕೋಣೆ ಅಚ್ಚುಯಂತ್ರದ ನೆತ್ತಿಯ ಮೇಲೆ, ಮಹಡಿಯಲ್ಲಿತ್ತು. ಕೆಳಗೆ ಯಂತ್ರ ಓಡಿದರೆ ಮೇಲೆ ಮೇಜಿನ ಮೇಲಿನ ಚಹಾ ಲೋಟ ತಾನಾಗಿ ನಡೆದುಕೊಂಡು ಅಂಚಿಗೆ ಬರುತ್ತಿತ್ತು. ಅದನ್ನು ಬೀಳದಂತೆ ಹಿಡಿಯುವುದೂ ನಮ್ಮ ಕೆಲಸದ ಭಾಗವೇ ಆಗಿತ್ತು. ಮೇಜಿನ ಆ ಕಡೆ ಒಬ್ಬ, ಈ ಕಡೆ ನಾನು. ಅವನು ವರದಿಗಾರರು ಬರೆದುಕೊಟ್ಟ ಮೂಲ ಪ್ರತಿಯನ್ನು ಗಟ್ಟಿಯಾಗಿ ಓದಬೇಕು. ನಾನು ಅಚ್ಚಾಗಿ ಬಂದ ಹಸಿ ಪ್ರೂಫಿನ ಮೇಲೆ ಬೆರಳು ಓಡಿಸುತ್ತಾ, ಅವನು ಓದಿದ್ದೇ ಇಲ್ಲಿದೆಯೇ ಎಂದು ನೋಡಬೇಕು. ಅವನಿಗೆ 'ಗಂಟಲು' ಎಂದು ಹೆಸರು ಬಿದ್ದಿತ್ತು, ನನಗೆ 'ಕನ್ನಡಕ' ಎಂದು. ಸಂಬಳದ ಪಟ್ಟಿಯಲ್ಲಿ ನಮಗೆ ಬೇರೆ ಹೆಸರುಗಳಿದ್ದವು. ಆ ಹೆಸರಿನಿಂದ ಕರೆದರೆ ನಾವಿಬ್ಬರೂ ತಿರುಗಿ ನೋಡುತ್ತಿರಲಿಲ್ಲ.

ಗಂಟಲು ಓದುವುದನ್ನು ಕೇಳಬೇಕಾಗಿತ್ತು. ಚಿಹ್ನೆಗಳನ್ನೂ ಬಿಡುವಂತಿಲ್ಲವಲ್ಲ, ಹಾಗಾಗಿ, "ಊರಿನ ಹಿರಿಯ ಬಡಗಿ ಅಲ್ಪವಿರಾಮ ಐದು ಮಕ್ಕಳ ತಂದೆ ಅಲ್ಪವಿರಾಮ ನಿನ್ನೆ ನಿಧನರಾದರು ಪೂರ್ಣವಿರಾಮ ಹೊಸ ಪ್ಯಾರಾ" ಎಂದು ಒಂದೇ ಉಸಿರಿನಲ್ಲಿ ಓದುತ್ತಿದ್ದ. ವರ್ಷಗಳು ಕಳೆದಂತೆ ಅದು ಅವನ ನಾಲಗೆಗೇ ಅಂಟಿಕೊಂಡಿತು. ಡಾಕ್ಟರ ಮುಂದೆ ಕೂತು "ಎದೆ ಉರಿ ಅಲ್ಪವಿರಾಮ ತಲೆ ಸುತ್ತು ಪೂರ್ಣವಿರಾಮ" ಎನ್ನುತ್ತಿದ್ದ. ಬಸ್ಸಿನಲ್ಲಿ ಕಾಲು ತುಳಿದವನಿಗೆ "ಕಣ್ಣು ಕಾಣಲ್ವಾ ಪ್ರಶ್ನಾರ್ಥಕ" ಎಂದು ಗದರಿಸಿದಾಗ, ಪಾಪ, ಆ ಮನುಷ್ಯ ಇದು ಯಾವುದೋ ಘೋರವಾದ ಬೈಗುಳವೆಂದು ತಿಳಿದು ಕ್ಷಮೆ ಕೇಳಿದ್ದ. ನನ್ನದೂ ಕಡಿಮೆಯಿರಲಿಲ್ಲ. ಯಾರು ಏನು ಮಾತಾಡಿದರೂ ನನ್ನ ತೋರುಬೆರಳು ತೊಡೆಯ ಮೇಲೆ ಎಡದಿಂದ ಬಲಕ್ಕೆ ಓಡುತ್ತಿತ್ತು. ನಮ್ಮ ಹೆಂಡತಿ ಬಯ್ಯುವಾಗಲೂ ಓಡುತ್ತಿತ್ತು, ಅದಕ್ಕೆ ಇನ್ನಷ್ಟು ಬಯ್ಯಿಸಿಕೊಳ್ಳುತ್ತಿದ್ದೆ.

ಇಂಥ ಜೋಡಿ ಒಡೆದದ್ದು ನಿವೃತ್ತಿಗೆ ಒಂದೇ ವರ್ಷ ಬಾಕಿಯಿದ್ದಾಗ. ಒಂದೇ ಪುಟದಲ್ಲಿ ಎರಡು ಭಾವಚಿತ್ರಗಳಿದ್ದವು. ಒಂದು ನಗರಸಭೆಗೆ ಹೊಸದಾಗಿ ಬಂದ ಅಧ್ಯಕ್ಷರದು. ಇನ್ನೊಂದು ಮರೆವಿನ ಕಾಯಿಲೆಯಿಂದ ಮನೆ ಬಿಟ್ಟು ಹೋಗಿದ್ದ ಒಬ್ಬ ವೃದ್ಧರದು, 'ಕಾಣೆಯಾಗಿದ್ದಾರೆ' ಎಂಬ ಪ್ರಕಟಣೆಯ ಜೊತೆ. ಚಿತ್ರಗಳು ಅದಲುಬದಲಾದವು. ಮರುದಿನ ಬೆಳಿಗ್ಗೆ ಅಧ್ಯಕ್ಷರು ವಾಯುವಿಹಾರಕ್ಕೆ ಹೊರಟಿದ್ದಾಗ ನಮ್ಮ ಇಬ್ಬರು ನಿಷ್ಠಾವಂತ ಓದುಗರು ಎರಡೂ ಕೈ ಹಿಡಿದು, "ಬನ್ನಿ ತಾತ, ಮನೇಲಿ ಎಲ್ರೂ ಕಾಯ್ತಿದ್ದಾರೆ" ಎಂದು ಪ್ರಕಟಣೆಯ ವಿಳಾಸಕ್ಕೆ ಮುಟ್ಟಿಸಿದರು. ಆ ಮನೆಯ ಸೊಸೆ ಇವರು ನಮ್ಮ ಮಾವ ಅಲ್ಲ ಎಂದರೆ, "ಪೇಪರ್‌ನಲ್ಲೇ ಬಂದಿದೆಯಲ್ಲಮ್ಮ, ವಯಸ್ಸಾದವರನ್ನ ಹಾಗೆ ಹೊರಗೆ ಹಾಕಬಾರದು" ಎಂದು ಬುದ್ಧಿ ಹೇಳಿದರಂತೆ. ಇತ್ತ ಕಾಣೆಯಾದ ವೃದ್ಧರು ಅದೇ ಹೊತ್ತಿಗೆ ನಗರಸಭೆಯ ಮುಂದೆ ಹಾದುಹೋಗುತ್ತಿದ್ದರು. ಜವಾನ ಸಲಾಮು ಹೊಡೆದು ಒಳಗೆ ಕರೆದುಕೊಂಡು ಹೋದ. ಮಧ್ಯಾಹ್ನದವರೆಗೆ ಅಧ್ಯಕ್ಷರ ಕುರ್ಚಿಯಲ್ಲಿ ಕೂತು ಎರಡು ಕಡತಗಳಿಗೆ ಸಹಿ ಹಾಕಿದರು. ಆ ಎರಡೂ ಒಳ್ಳೆಯ ತೀರ್ಮಾನಗಳೇ ಆಗಿದ್ದವು ಎಂದು ಈಗಲೂ ಹೇಳುವವರಿದ್ದಾರೆ.

ಸಂಪಾದಕರು ನಮ್ಮಿಬ್ಬರನ್ನೂ ನಿಲ್ಲಿಸಿಕೊಂಡು, ತಪ್ಪು ಯಾರದು ಎಂದು ಕೇಳಿದರು. ನಾನು, "ಸಾರ್, ಅವನು ಓದಿದ್ದನ್ನ ನೋಡೋದು ನನ್ನ ಕೆಲಸ. ಫೋಟೋನ ಅವನು ಓದಲೇ ಇಲ್ಲ" ಎಂದೆ. ಗಂಟಲು, "ಫೋಟೋ ಓದೋದು ಹೇಗೆ ಸಾರ್? ಮೂಗು ಅಲ್ಪವಿರಾಮ ಮೀಸೆ ಅಂತಾನಾ? ನೋಡೋದು ಇವನ ಕೆಲಸ" ಎಂದ. ಇಬ್ಬರು ಹೇಳಿದ್ದೂ ಸರಿಯಾಗಿಯೇ ಇತ್ತು, ಅದೇ ತೊಂದರೆಯಾದದ್ದು. ಮಾತಿಗೆ ಮಾತು ಬೆಳೆಯಿತು. ನಮ್ಮನ್ನು ಬೇರೆ ಬೇರೆ ಕೋಣೆಗೆ ಹಾಕಿದರು. ನನ್ನ ಎದುರು ಬಂದು ಕೂತ ಹೊಸಬ ಚಿಹ್ನೆಗಳನ್ನು ಓದುತ್ತಿರಲಿಲ್ಲ, ಬದಲಿಗೆ ಕೆಮ್ಮುತ್ತಿದ್ದ. ಯಾವ ಕೆಮ್ಮು ಯಾವ ಚಿಹ್ನೆ ಎಂದು ನಾನೇ ಊಹಿಸಿಕೊಳ್ಳಬೇಕಾಗಿತ್ತು. ಹಾಗೆಯೇ ನಿವೃತ್ತಿಯೂ ಆಯಿತು. ಗಂಟಲಿನ ಮನೆ ಎರಡು ಬಸ್ಸು ಬದಲಿಸುವಷ್ಟು ದೂರ. ಅವನಾಗಿ ಬರಲಿ ಎಂದು ನಾನು, ನಾನಾಗಿ ಬರಲಿ ಎಂದು ಅವನು. ಹನ್ನೊಂದು ವರ್ಷ ಕಳೆದುಹೋಯಿತು. ಹೇಳಿಬಿಡುತ್ತೇನೆ, ಅವನಿಲ್ಲದೆ ನನಗೆ ಬಹಳ ಬೇಸರವಾಗುತ್ತಿತ್ತು. ಮನೆಯಲ್ಲಿ ರೇಡಿಯೋ ಇತ್ತು, ಹೆಂಡತಿ ಇದ್ದಳು, ಬೀದಿಯಲ್ಲಿ ಬೇಕಾದಷ್ಟು ಗಲಾಟೆ ಇತ್ತು. ಆ ಒಂದು ದನಿ ಮಾತ್ರ ಇರಲಿಲ್ಲ.

ಹೀಗಿರುವಾಗ, ಕನ್ನಡಕದ ಅಂಗಡಿಯಲ್ಲಿ ಕೆಲಸಕ್ಕಿರುವ ನನ್ನ ಮಗಳು ತಮ್ಮ ಅಂಗಡಿಗೆ ಹೊಸದು ಬಂತೆಂದು ಹಳೆಯ ಕಂಪ್ಯೂಟರನ್ನು ತಂದು ಮನೆಯಲ್ಲಿ ಕೂರಿಸಿದಳು. ಪರದೆ ನಮ್ಮ ಅಡುಗೆಮನೆಯ ಕಿಟಕಿಗಿಂತ ದೊಡ್ಡದಿತ್ತು. ಅದರಲ್ಲಿ ಒಂದು ವಿಶೇಷ ಸೌಕರ್ಯವಿತ್ತು. ಪರದೆಯನ್ನು ಎರಡು ಭಾಗ ಮಾಡಿ, ಎಡಗಡೆ ಒಂದು ವೆಬ್‌ಸೈಟು, ಬಲಗಡೆ ಇನ್ನೊಂದು ವೆಬ್‌ಸೈಟು ತೆರೆದಿಡಬಹುದು. ನಡುವೆ ಸರಪಳಿಯ ಚಿತ್ರದ ಒಂದು ಗುಂಡಿ.

"ನೋಡಪ್ಪ, ಈ ಸರಪಳಿ ಒತ್ತಿದ್ರೆ ಎರಡು ಕಿಟಕಿಗೂ ಗಂಟು ಬೀಳುತ್ತೆ. ಒಂದನ್ನ ಕೆಳಗೆ ಸರಿಸಿದ್ರೆ ಇನ್ನೊಂದೂ ಜೊತೇಲೇ ಸರಿಯುತ್ತೆ. ಒಂದ್ರಲ್ಲಿ ಏನು ಮಾಡಿದ್ರೂ ಇನ್ನೊಂದ್ರಲ್ಲೂ ಆಗುತ್ತೆ."

"ಏನು ಮಾಡಿದ್ರೂನಾ?"

"ಹ್ಞೂಂ. ಅದಕ್ಕೇ, ಓದುವಾಗ ಗಂಟು ಹಾಕ್ಕೋ. ಬರೆಯುವಾಗ ಮಾತ್ರ ನೆನಪಿಟ್ಟು ಬಿಚ್ಚು. ತಿಳೀತಾ?"

ತಿಳಿಯಿತು ಎಂದೆ. ನಿಜ ಹೇಳಬೇಕೆಂದರೆ ಅವಳ ಮಾತು ನನ್ನ ಕಿವಿಗೆ ಬೀಳುತ್ತಲೇ ಇರಲಿಲ್ಲ. ನನ್ನ ಕಣ್ಣು ಪರದೆಯ ಮೇಲಿತ್ತು. ಎಡಗಡೆ ಒಂದು ಹಾಳೆ, ಬಲಗಡೆ ಒಂದು ಹಾಳೆ, ಎರಡೂ ಒಂದೇ ವೇಗದಲ್ಲಿ ಮೆಲ್ಲಗೆ ಸರಿಯುತ್ತಿದ್ದವು. ಹನ್ನೆರಡು ವರ್ಷಗಳ ಹಿಂದಿನ ನನ್ನ ಮೇಜು ಎದ್ದು ಗೋಡೆಗೆ ಒರಗಿ ನಿಂತಂತಿತ್ತು. ನನಗೆ ಗೊತ್ತಿಲ್ಲದಂತೆ ತೋರುಬೆರಳು ಓಡತೊಡಗಿತು.

ಅಂದಿನಿಂದ ನಾನು ಜಗತ್ತಿನ ಪ್ರೂಫ್ ತಿದ್ದಲು ಕೂತೆ. ಎಡಕ್ಕೆ ಒಂದು ಪತ್ರಿಕೆ, ಬಲಕ್ಕೆ ಇನ್ನೊಂದು. ಒಂದರಲ್ಲಿ ಗ್ರಂಥಾಲಯ ಒಂಬತ್ತಕ್ಕೆ ತೆರೆಯುತ್ತದೆ, ಇನ್ನೊಂದರಲ್ಲಿ ಹತ್ತಕ್ಕೆ. ಮೊದಲ ದಿನವೇ ಅಭ್ಯಾಸಬಲದಿಂದ ಕೆಂಪು ಪೆನ್ಸಿಲು ತೆಗೆದು ಪರದೆಯ ಮೇಲೆಯೇ ಗುರುತು ಹಾಕಿಬಿಟ್ಟೆ. ಆಮೇಲೆ ಪುಟ ಸರಿಸಿದರೆ ಅಲ್ಲೂ ಅದೇ ಜಾಗದಲ್ಲಿ ತಪ್ಪು. ಬೇರೆ ಪತ್ರಿಕೆ ತೆರೆದರೆ ಅದರಲ್ಲೂ ಅದೇ ಜಾಗದಲ್ಲಿ ತಪ್ಪು. ದೇಶದ ಪತ್ರಿಕೆಗಳೆಲ್ಲ ಮಾತಾಡಿಕೊಂಡವರಂತೆ ಮೇಲಿನಿಂದ ನಾಲ್ಕು ಬೆರಳು ಕೆಳಗೆ ತಪ್ಪು ಮಾಡುತ್ತಿವೆಯಲ್ಲ ಎಂದು ಅರ್ಧ ದಿನ ದಿಗ್ಭ್ರಮೆಯಿಂದ ಕೂತಿದ್ದೆ. ಹೆಂಡತಿ ಒದ್ದೆ ಬಟ್ಟೆ ತಂದು ಒರೆಸಿದ ಮೇಲೆ ಪತ್ರಿಕೋದ್ಯಮ ಸುಧಾರಿಸಿತು.

ಹವಾಮಾನದ ಎರಡು ವೆಬ್‌ಸೈಟುಗಳಲ್ಲಿ ಒಂದು ನಾಳೆ ಮಳೆ ಎಂದಿತು, ಇನ್ನೊಂದು ಬಿಸಿಲು ಎಂದಿತು. ಹವಾಮಾನ ಕಚೇರಿಗೆ ಫೋನು ಮಾಡಿ, "ನೀವು ನೀವು ಕೂತು ಮೊದ್ಲು ಒಂದು ತೀರ್ಮಾನಕ್ಕೆ ಬನ್ನಿ, ಆಮೇಲೆ ನಾವು ಬಟ್ಟೆ ಒಣಹಾಕ್ತೀವಿ" ಎಂದೆ. ಮಂಡಿನೋವಿಗೆ ಎಡಗಡೆಯ ವೈದ್ಯರು ನಡೆಯಿರಿ ಎಂದರು, ಬಲಗಡೆಯ ವೈದ್ಯರು ಕಾಲು ಅಲುಗಿಸಬೇಡಿ ಎಂದರು. ಯಾರಿಗೂ ಬೇಸರವಾಗದಿರಲಿ ಎಂದು ಎಡಗಾಲಿಗೆ ಎಡಗಡೆಯ ಸಲಹೆಯನ್ನೂ ಬಲಗಾಲಿಗೆ ಬಲಗಡೆಯ ಸಲಹೆಯನ್ನೂ ಒಂದು ವಾರ ಪಾಲಿಸಿದೆ. ಎರಡು ಮಂಡಿಯೂ ನೋಯತೊಡಗಿದವು.

ಕೊನೆಗೆ ಹೆಂಡತಿಯ ತಾಳ್ಮೆ ಕೆಟ್ಟಿತು. "ಊರಿನ ತಪ್ಪೆಲ್ಲಾ ತಿದ್ತೀರಲ್ಲ, ನಮ್ಮ ಬಾಗಿಲ ಮುಂದಿರೋದನ್ನ ಯಾವಾಗ ತಿದ್ತೀರಿ?" ಎಂದಳು. ಅವಳು ಹೇಳಿದ್ದು ಮನೆಯೆದುರಿನ ಮ್ಯಾನ್‌ಹೋಲ್ ಮುಚ್ಚಳದ ವಿಷಯ. ಅದು ಸರಿಯಾಗಿ ಕೂರದೆ, ಯಾವ ಗಾಡಿ ಹತ್ತಿದರೂ ಗಡಗಡ ಎನ್ನುತ್ತಿತ್ತು. ಮಹಡಿಯ ಮೇಲಿನ ಬಾಡಿಗೆಯ ದರ್ಜಿ, ಒಂದೊಂದು ಸಲ ಗಡಗಡ ಎಂದಾಗಲೂ ತನ್ನ ಹೊಲಿಗೆ ಸೊಟ್ಟಗಾಗುತ್ತದೆ ಎನ್ನುತ್ತಿದ್ದ. ಗಾಡಿಗಳಿಲ್ಲದಾಗಲೂ ಅವನ ಹೊಲಿಗೆ ಸೊಟ್ಟಗೇ ಇತ್ತು, ಆ ಮಾತು ಬೇರೆ.

ಸರಿ, ಒಂದು ಮಧ್ಯಾಹ್ನ ಕೂತೆ. ಬಲಗಡೆ ನಗರಸಭೆಯ ದೂರಿನ ಪುಟ ತೆರೆದೆ. ಎಡಗಡೆ ನಮ್ಮ ಹಳೆಯ ಪತ್ರಿಕೆಯ ವೆಬ್‌ಸೈಟು ಇತ್ತು. ಅಚ್ಚುಯಂತ್ರ ನಿಲ್ಲಿಸಿ ಪತ್ರಿಕೆ ಈಗ ಪರದೆಯ ಮೇಲೆ ಮಾತ್ರ ಬರುತ್ತಿತ್ತು. ಹಳೆಯ ನೌಕರರು ನೆನಪುಗಳನ್ನು ಬರೆಯಲಿ ಎಂದು ಅದರಲ್ಲೊಂದು ಪುಟ ಮಾಡಿದ್ದರು. ಅಲ್ಲಿ ಯಾರು ಏನು ಬರೆದರೂ, ಹಿಂದಿನ ಪತ್ರಿಕೆಯಂತೆಯೇ, ಅದು ಕಾಣಿಸುತ್ತಿದ್ದದ್ದು ಮರುದಿನ ಬೆಳಗಿನ ಜಾವಕ್ಕೆ. ಅದನ್ನು ಆಮೇಲೆ ನಿಧಾನವಾಗಿ ಓದೋಣವೆಂದು ಬಿಟ್ಟು, ದೂರಿನ ವಿಷಯಗಳ ಪಟ್ಟಿಯಲ್ಲಿ 'ಮ್ಯಾನ್‌ಹೋಲ್ ಮುಚ್ಚಳ' ಎಂಬುದನ್ನು ಆರಿಸಿ, ಹೆಸರು ವಿಳಾಸ ತುಂಬಿ, ಪುಟವನ್ನು ಕೆಳಕ್ಕೆ ಸರಿಸಿ, ಅಲ್ಲಿದ್ದ ಖಾಲಿ ಜಾಗದಲ್ಲಿ ಒಂದೇ ಬೆರಳಿನಿಂದ ಬರೆದೆ:

"ಮಾನ್ಯರೇ, ಇದು ತುಂಬಾ ಹಳೆಯದಾಗಿದೆ. ಹಗಲೆಲ್ಲ ಗಡಗಡ ಎಂದು ಎಲ್ಲರ ನೆಮ್ಮದಿ ಕೆಡಿಸುತ್ತದೆ. ಬಾಯಿ ಸರಿಯಾಗಿ ಮುಚ್ಚಿದ್ದನ್ನು ಯಾರೂ ನೋಡಿಲ್ಲ. ಮೇಲೆಲ್ಲ ತುಕ್ಕು, ಒಳಗೆ ಬರೀ ಕೊಳಕು. ಮೂವತ್ತು ವರ್ಷದಿಂದ ಇದರ ಸದ್ದು ಸಹಿಸಿಕೊಂಡಿದ್ದೇನೆ, ಇನ್ನು ಆಗುವುದಿಲ್ಲ. ದಯವಿಟ್ಟು ಇದನ್ನು ಎತ್ತಿಸಿ ಗುಜರಿಗೆ ಹಾಕಿ, ಹೊಸದನ್ನು ಕೂರಿಸಿ."

ಕಳುಹಿಸು ಎಂಬುದನ್ನು ಒತ್ತಿದೆ. ನನ್ನ ಗಮನವೆಲ್ಲ ಅಕ್ಷರದ ಗುಂಡಿಗಳನ್ನು ಹುಡುಕುವುದರಲ್ಲೇ ಇದ್ದುದರಿಂದ, ಎಡಗಡೆಯ ಕಿಟಕಿಯಲ್ಲಿ ಏನಾಗುತ್ತಿದೆ ಎಂದು ನೋಡಲಿಲ್ಲ. ಮೂವತ್ತೆರಡು ವರ್ಷ ಎರಡೂ ಕಡೆ ನೋಡಿ ಸಂಬಳ ತಿಂದವನು ಅವತ್ತು ಒಂದೇ ಕಡೆ ನೋಡಿದೆ.

ಆಮೇಲೆ ಆರಾಮವಾಗಿ ಎಡಗಡೆಯ ಪುಟವನ್ನು ಮೇಲಿನಿಂದ ಓದಲು ಶುರುಮಾಡಿದೆ. ಎರಡು ನೆನಪು ದಾಟಿ ಮೂರನೆಯದಕ್ಕೆ ಬಂದರೆ, ಗಂಟಲಿನ ಚಿತ್ರ! ತಲೆ ಪೂರ್ತಿ ಬೋಳಾಗಿತ್ತು. ಆದರೆ ಬಾಯಿ ಅದೇ. ಚಿತ್ರದಲ್ಲೂ ಏನೋ ಹೇಳಲು ಅರ್ಧ ತೆರೆದಿತ್ತು. ಕೆಳಗೆ ಅವನು ಬರೆದದ್ದು ಐದಾರು ಸಾಲು. ಯಂತ್ರದ ಸದ್ದು, ನಡೆಯುವ ಚಹಾ ಲೋಟ, ಶಾಯಿಯ ವಾಸನೆಯ ಪ್ರೂಫು, ಎಲ್ಲವನ್ನೂ ಬರೆದಿದ್ದ. ಕೊನೆಯಲ್ಲಿ ಹೀಗಿತ್ತು: "ನನ್ನ ಎದುರು ಒಬ್ಬ ಕೂರುತ್ತಿದ್ದ. ನಾನು ಜೀವನದಲ್ಲಿ ಓದಿದ್ದನ್ನೆಲ್ಲ ಪೂರ್ತಿ ಕೇಳಿಸಿಕೊಂಡವನು ಅವನೊಬ್ಬನೇ. ಅವನು ಇದನ್ನು ನೋಡಿದರೆ ಕೆಳಗೆ ಒಂದು ಸಾಲು ಬರೆಯಲಿ. ನನಗೆ ಬೇರೇನೂ ಬೇಡ."

ನನಗೆ ಅಳು ಬಂತು. ಸಂಕೋಚವಿಲ್ಲದೆ ಅತ್ತೆ. ಹೆಂಡತಿ ಒಳಗಿನಿಂದ, "ಮಂಡಿನಾ?" ಎಂದು ಕೂಗಿ ಕೇಳಿದಳು. ಹೌದು ಎಂದೆ. ಕನ್ನಡಕ ಒರೆಸಿಕೊಂಡು ಅವನ ಸಾಲಿನ ಕೆಳಗಿದ್ದ ಖಾಲಿ ಜಾಗದಲ್ಲಿ ಬರೆಯಲು ಕೂತೆ. ಒಂದು ಸಾಲು ಕೇಳಿದ್ದ, ಎಂಟಾದವು. ಸಂಜೆಯಾಯಿತು.

"ಗೆಳೆಯಾ, ನಿನ್ನ ದನಿ ಕೇಳದೆ ಹನ್ನೊಂದು ವರ್ಷವಾಯಿತು. ನೀನು ಹೇಗಿದ್ದೀಯೋ, ಇದ್ದೀಯೋ ಇಲ್ಲವೋ ಎಂದು ಕೂಡ ನಾನು ವಿಚಾರಿಸಲಿಲ್ಲ. ಅವತ್ತು ನಿನ್ನ ಕೈ ಹಿಡಿದುಕೊಳ್ಳಬೇಕಾದವನು ನಾನು, ಬಿಟ್ಟುಬಿಟ್ಟೆ. ತಪ್ಪು ನನ್ನದು. ಇದನ್ನು ಇಷ್ಟು ವರ್ಷ ಹೆಂಡತಿಗೂ ಹೇಳಿಲ್ಲ. ನೀನು ಒಬ್ಬನೇ ಎಷ್ಟು ನೊಂದೆಯೋ. ಒಂದು ಸಲ ನನ್ನನ್ನು ಕೂಗು, ನಾನು ಇಲ್ಲೇ ಇದ್ದೇನೆ. ಬೇಗ ಬಾ."

ಕಳುಹಿಸು. ಸರಪಳಿ ಹಾಗೆಯೇ ಇತ್ತು.

ಮರುದಿನ ಬೆಳಿಗ್ಗೆ ಎಂಟಕ್ಕೆ ಫೋನು ಬಂತು. ನಮ್ಮ ಪತ್ರಿಕೆಯಲ್ಲಿ ಅಚ್ಚುಮೊಳೆ ಜೋಡಿಸುತ್ತಿದ್ದ ಹಳೆಯ ಕಂಪೋಸಿಟರ್ ಆ ತುದಿಯಲ್ಲಿದ್ದ.

"ಕನ್ನಡಕಾ, ನೀನು ಮನುಷ್ಯನೇನಯ್ಯಾ?"

"ಯಾಕಯ್ಯಾ? ಏನಾಯ್ತು?"

"ಪಾಪ, ಆ ಗಂಟಲು ಒಂದು ಸಾಲು ಬರಿ ಅಂತ ಬೇಡ್ಕೊಂಡ್ರೆ, ಅವನ ಫೋಟೋ ಕೆಳಗೆ ಏನು ಬರೆದಿದ್ದೀಯ? ಬಾಯಿ ಮುಚ್ಚಲ್ಲ, ಒಳಗೆ ಬರೀ ಕೊಳಕು, ಎತ್ತಿ ಗುಜರಿಗೆ ಹಾಕಿ! ಊರವರೆಲ್ಲಾ ಓದ್ತಿದ್ದಾರೆ."

"ಅದು ಮುಚ್ಚಳಕ್ಕಯ್ಯಾ!" ಎಂದೆ.

"ಯಾವ ಮುಚ್ಚಳಕ್ಕೆ?"

"ಕೆಳಗೆ ಇನ್ನೊಂದು ಬರೆದಿದ್ದೀನಲ್ಲ, ಅದನ್ನ ಓದಿಲ್ವಾ ಅವನು?"

"ಮೊದಲ್ನೇದು ಓದಿದ ಮೇಲೆ ಎರಡನೇದು ಓದೋಕೆ ಅವನಿಗೇನು ತಲೆ ಕೆಟ್ಟಿದೆಯಾ? ಮೊಮ್ಮಗಳ ಹತ್ರ ಕಾಗದದ ಮೇಲೆ ತೆಗೆಸ್ಕೊಂಡು ಆಗ್ಲೇ ಹೊರಟಿದ್ದಾನೆ. ಒಂದನೇ ಬಸ್ಸು ಹತ್ತಿದಾನೆ. ಬಾಗಿಲು ಹಾಕ್ಕೊಂಡಿರು."

ಓಡಿಹೋಗಿ ಪರದೆ ತೆರೆದು ನೋಡಿದೆ. ಗಂಟಲಿನ ಬೋಳುತಲೆಯ ಕೆಳಗೆ ತುಕ್ಕು, ಕೊಳಕು, ಗುಜರಿ, ಎಲ್ಲವೂ ಒಪ್ಪವಾಗಿ ಕೂತಿತ್ತು. ಒಂದೇ ಒಂದು ಅಕ್ಷರ ತಪ್ಪಿರಲಿಲ್ಲ. ಹಾಗಾದರೆ ಅವನಿಗೆ ಬರೆದ ಎಂಟು ಸಾಲು ನಗರಸಭೆಗೂ ಹೋಗಿರಬೇಕಲ್ಲ ಎಂದು ನನಗೆ ಹೊಳೆಯುವ ಹೊತ್ತಿಗೆ ಬೀದಿಯ ತಿರುವಿನಲ್ಲಿ ಅಗ್ನಿಶಾಮಕ ದಳದ ಗಂಟೆ ಕೇಳಿಸಿತು.

ಹೊರಗೆ ಬಂದೆ. ಕೆಂಪು ಗಾಡಿ ನಮ್ಮ ಬಾಗಿಲಿಗೇ ನಿಂತಿತ್ತು. ಏಣಿ, ಹಗ್ಗ, ಉಸಿರಿನ ಸಿಲಿಂಡರು. ಹಿಂದೆಯೇ ನಗರಸಭೆಯ ಜೀಪು. ಅದರಿಂದ ಕೈಯಲ್ಲಿ ಎರಡು ಕಾಗದ ಹಿಡಿದುಕೊಂಡು ಒಬ್ಬ ಕಿರಿಯ ಇಂಜಿನಿಯರ್ ಇಳಿದ. ಮುಖದಲ್ಲಿ ಬೆವರು.

"ದೂರು ಕೊಟ್ಟಿದ್ದು ನೀವೇನಾ ಸಾರ್?"

"ಮುಚ್ಚಳದ ಬಗ್ಗೆ..."

"ಮುಚ್ಚಳ ಬಿಡಿ ಸಾರ್. ಒಳಗಿರೋರು ಯಾರು?"

"ಒಳಗೆ ಯಾರೂ ಇಲ್ಲ."

"ಹಾಗಾದ್ರೆ ಇದೇನು?" ಎಂದು ಎರಡನೆಯ ಕಾಗದವನ್ನು ಬೀದಿಗೆಲ್ಲ ಕೇಳುವಂತೆ ಓದಿದ. "ದನಿ ಕೇಳದೆ ಹನ್ನೊಂದು ವರ್ಷ ಆಯ್ತು ಅಂತ ಬರೆದಿದ್ದೀರಿ. ಕೈ ಹಿಡಿದುಕೊಳ್ಳಬೇಕಾದವನು ಬಿಟ್ಟುಬಿಟ್ಟೆ ಅಂತ ಬರೆದಿದ್ದೀರಿ. ಹೆಂಡ್ತಿಗೂ ಹೇಳಿಲ್ಲ ಅಂತೀರಿ. ಒಂದು ಸಲ ಕೂಗು ಅಂತೀರಿ. ಮ್ಯಾನ್‌ಹೋಲ್ ಮುಚ್ಚಳದ ದೂರಿನಲ್ಲಿ ಇದನ್ನ ಓದಿ ನಮ್ಮ ಸಾಹೇಬರು ಕುರ್ಚಿಯಿಂದ ಎದ್ದುಬಿಟ್ರು ಸಾರ್!"

ಅಷ್ಟರಲ್ಲಿ ಬೀದಿಯೆಲ್ಲ ಸೇರಿತ್ತು. ಎದುರುಮನೆಯ ನಿವೃತ್ತ ಹೆಡ್‌ಮಿಸ್ಟ್ರೆಸ್ ಕನ್ನಡಕ ಏರಿಸಿಕೊಂಡು, "ಹನ್ನೊಂದು ವರ್ಷ ಊಟ ಇಲ್ದೆ ಒಬ್ಬ ಮನುಷ್ಯ ಹೇಗಿರ್ತಾನೆ?" ಎಂದು ಕೇಳಿದರು.

"ಅದೇ ಮೇಡಂ. ಅದಕ್ಕೇ ಇಷ್ಟು ತುರ್ತಾಗಿ ಬಂದಿದ್ದು" ಎಂದ ಇಂಜಿನಿಯರ್.

ದರ್ಜಿ ಮಹಡಿಯಿಂದಲೇ, "ನಾನು ಹೇಳ್ತಾನೇ ಇದ್ದೆ. ಆ ಗಡಗಡ ಬರೀ ಮುಚ್ಚಳದ್ದಲ್ಲ. ಒಳಗಿಂದ ಯಾರೋ ತಟ್ತಿದ್ರು" ಎಂದು ಸಾಕ್ಷಿ ನುಡಿದ. ಅವನು ಅಂಥದ್ದೇನನ್ನೂ ಎಂದೂ ಹೇಳಿರಲಿಲ್ಲ.

ದಳದ ನಾಯಕ ಮುಚ್ಚಳ ಸರಿಸಿ, ನೆಲದ ಮೇಲೆ ಬೋರಲು ಮಲಗಿ, ಒಳಗೆ ತಲೆಯಿಟ್ಟು, "ಯಾರಪ್ಪಾ ಒಳಗೆ?" ಎಂದು ಕೂಗಿದ. ಒಳಗಿನಿಂದ, "...ಒಳಗೆ... ಒಳಗೆ..." ಎಂದು ಬಂತು.

"ಒಳಗೇ ಇದ್ದಾನಂತೆ!" ಎಂದು ಬೀದಿಯವರೆಲ್ಲ ಒಟ್ಟಿಗೆ ಉದ್ಗರಿಸಿದರು. ಹೆಡ್‌ಮಿಸ್ಟ್ರೆಸ್ ಅದು ಪ್ರತಿಧ್ವನಿ ಎಂದು ವಿವರಿಸಲು ಹೋದರು, ಯಾರೂ ಕೇಳಲಿಲ್ಲ. ಯಾರೋ ಓಡಿಹೋಗಿ ಕಂಬಳಿ ತಂದರು. ಇನ್ನೊಬ್ಬರು ಹಾಲು ಬಿಸಿ ಮಾಡಲು ಹೋದರು.

ನನ್ನ ಹೆಂಡತಿ ಮಾತ್ರ ಗುಂಡಿಯ ಕಡೆಗೇ ನೋಡಲಿಲ್ಲ. ಇಂಜಿನಿಯರನ ಕೈಯಿಂದ ಆ ಕಾಗದ ಇಸಿದುಕೊಂಡು ಎರಡು ಸಲ ಓದಿದಳು. ಅವಳಿಗೆ ತಕ್ಷಣ ಅರ್ಥವಾಗಿತ್ತು. "ಗಂಟಲಣ್ಣನಿಗಲ್ವಾ ಇದು?" ಎಂದಳು ಮೆಲ್ಲಗೆ. ತಲೆಯಾಡಿಸಿದೆ. "ಮದುವೆಯಾಗಿ ನಲವತ್ತು ವರ್ಷ ಆಯ್ತು. ನನಗೆ ಇಂಥದ್ದು ಒಂದು ಸಾಲು ಬರೆದಿಲ್ಲ ನೀವು" ಎಂದಳು. ಬೈದಳೋ ಮೆಚ್ಚಿದಳೋ ತಿಳಿಯಲಿಲ್ಲ.

ಆಗ ಜನರ ಹಿಂದಿನಿಂದ ಆ ದನಿ ಬಂತು.

"ಎಲ್ಲಿದ್ದಾನೆ ಅವನು ಪ್ರಶ್ನಾರ್ಥಕ!"

ಹನ್ನೊಂದು ವರ್ಷದ ಮೇಲೆ ಕೇಳುತ್ತಿದ್ದೆ. ಅಗ್ನಿಶಾಮಕದವರೇ ದಾರಿ ಬಿಟ್ಟರು. ಗಂಟಲು ಕುಳ್ಳಗಾಗಿದ್ದ, ಕೈಯಲ್ಲಿ ಊರುಗೋಲು ಬಂದಿತ್ತು. ಆದರೆ ದನಿಗೆ ಒಂದು ದಿನವೂ ವಯಸ್ಸಾಗಿರಲಿಲ್ಲ. ನನ್ನ ಎದುರು ನಿಂತು, ಜೇಬಿನಿಂದ ಮಡಿಸಿದ ಕಾಗದ ತೆಗೆದು, ನನ್ನ ಮುಖವನ್ನೇ ನೋಡದೆ ಓದತೊಡಗಿದ.

"ಮಾನ್ಯರೇ ಅಲ್ಪವಿರಾಮ ಇದು ತುಂಬಾ ಹಳೆಯದಾಗಿದೆ ಪೂರ್ಣವಿರಾಮ. ಬಾಯಿ ಸರಿಯಾಗಿ ಮುಚ್ಚಿದ್ದನ್ನು ಯಾರೂ ನೋಡಿಲ್ಲ ಪೂರ್ಣವಿರಾಮ. ಮೂವತ್ತು ವರ್ಷದಿಂದ ಇದರ ಸದ್ದು ಸಹಿಸಿಕೊಂಡಿದ್ದೇನೆ..." ಇಲ್ಲಿ ಅವನ ದನಿ ಸ್ವಲ್ಪ ಒಡೆಯಿತು. "ಮೂವತ್ತಲ್ಲ ಕಣಯ್ಯಾ, ಮೂವತ್ತೊಂದು. ಲೆಕ್ಕ ಕೂಡ ಮರೆತಿದ್ದೀಯ. ಸಹಿಸಿಕೊಂಡಿದ್ದೆಯಾ ನೀನು? ಅಷ್ಟು ವರ್ಷವೂ ಸಹಿಸಿಕೊಂಡಿದ್ದೆಯಾ? ಅದೊಂದು ಹೇಳು, ಮುಂದಿನ ಬಸ್ಸಿಗೆ ಹೋಗ್ಬಿಡ್ತೀನಿ."

ಇವನು ಈ ಬಸ್ಸಿಗೆ ಹೋದರೆ ಇನ್ನು ಬರುವುದಿಲ್ಲ, ನಮ್ಮಿಬ್ಬರಿಗೂ ಇನ್ನೊಂದು ಹನ್ನೊಂದು ವರ್ಷ ಉಳಿದಿಲ್ಲ ಎಂಬುದೊಂದೇ ನನ್ನ ತಲೆಯಲ್ಲಿತ್ತು. ಮಾತಾಡಿದವನು ಇಂಜಿನಿಯರ್.

"ಸಾರ್, ಆ ಕಾಗದ ನನ್ನ ಹತ್ರಾನೂ ಇದೆ. ನೋಡಿ, ಮೇಲೆ ವಿಷಯ ಅಂತ ಇದೆಯಲ್ಲ, ಮ್ಯಾನ್‌ಹೋಲ್ ಮುಚ್ಚಳ. ಅದು ಮುಚ್ಚಳಕ್ಕೆ ಬರೆದಿದ್ದು."

ಗಂಟಲು ಎರಡು ಕಾಗದವನ್ನೂ ಅಕ್ಕಪಕ್ಕ ಹಿಡಿದು ನೋಡಿದ. ಮುಚ್ಚಳ ನೋಡಿದ. ಅದೇ ಸಮಯಕ್ಕೆ ದಳದವನೊಬ್ಬ ಅದರ ಮೇಲೆ ಕಾಲಿಟ್ಟ, ಅದು ಗಡಗಡ ಎಂದಿತು. ಜೀವಮಾನದಲ್ಲಿ ಅದೊಂದು ಸಲ ಆ ಸದ್ದು ನನಗೆ ಇಂಪಾಗಿ ಕೇಳಿಸಿತು.

"ಮತ್ತೆ ನನಗೆ ಬರೆದಿದ್ದೆಲ್ಲಿ?" ಎಂದ ಗಂಟಲು.

ನನ್ನ ಹೆಂಡತಿ ಎರಡನೆಯ ಕಾಗದವನ್ನು ಅವನ ಕೈಗಿಟ್ಟಳು. ಓದಿದ. ಮನಸ್ಸಿನಲ್ಲಿ ಓದಿಕೊಳ್ಳುವುದು ಅವನಿಗೆ ಗೊತ್ತೇ ಇಲ್ಲ. ಬೀದಿಗೆಲ್ಲ ಕೇಳುವಂತೆ ಓದಿದ. ಗೆಳೆಯಾ ಅಲ್ಪವಿರಾಮದಿಂದ ಹಿಡಿದು ಒಂದು ಚಿಹ್ನೆಯನ್ನೂ ಬಿಡಲಿಲ್ಲ. ನನ್ನ ಬೆರಳು ತೊಡೆಯ ಮೇಲೆ ಓಡುತ್ತಿತ್ತು. ದರ್ಜಿ ಮಹಡಿಯ ಮೇಲೆ ಯಂತ್ರ ನಿಲ್ಲಿಸಿ ಕೇಳುತ್ತಿದ್ದ. 'ತಪ್ಪು ನನ್ನದು ಪೂರ್ಣವಿರಾಮ' ಎಂಬಲ್ಲಿಗೆ ಬಂದವನು ನಿಂತ. ಹಿಂದಕ್ಕೆ ಹೋಗಿ ಇನ್ನೊಂದು ಸಲ ಓದಿದ. ಆಮೇಲೆ ಇಂಜಿನಿಯರನ ಜೇಬಿನಿಂದ ಪೆನ್ನು ಕಿತ್ತುಕೊಂಡು, ಕಾಗದವನ್ನು ಅಗ್ನಿಶಾಮಕ ಗಾಡಿಯ ಮೂತಿಗೆ ಒತ್ತಿ ಹಿಡಿದು ಏನನ್ನೋ ಹೊಡೆದುಹಾಕಿ ಏನನ್ನೋ ಬರೆದ.

"ಇಲ್ಲಿ ತಪ್ಪಿತ್ತು. ತಿದ್ದಿದ್ದೀನಿ. ಸರಿಯಾಗಿದೆಯಾ ನೋಡ್ಕೋ" ಎಂದು ನನ್ನ ಕೈಗೆ ಕೊಟ್ಟ.

'ನನ್ನದು' ಎಂಬುದನ್ನು ಹೊಡೆದು ಮೇಲೆ 'ಇಬ್ಬರದೂ' ಎಂದು ಬರೆದಿದ್ದ. ಸರಿಯಾಗಿದೆ ಎಂದೆ. ನನಗೆ ಅಕ್ಷರಗಳು ಕಾಣಿಸುತ್ತಿರಲಿಲ್ಲ, ಆದರೂ ಹೇಳಿದೆ. ಅವನು ಊರುಗೋಲನ್ನು ದಳದ ನಾಯಕನ ಕೈಗೆ ಕೊಟ್ಟು ನನ್ನನ್ನು ತಬ್ಬಿಕೊಂಡ. ಇಬ್ಬರೂ ಮುದುಕರು ಬೀದಿಯ ಮಧ್ಯೆ ನಿಂತು ಅತ್ತೆವು. ಯಾರೋ ತಂದಿದ್ದ ಕಂಬಳಿಯನ್ನು ನಮ್ಮಿಬ್ಬರ ಮೇಲೆ ಹೊದಿಸಿದರು, ಹಾಲನ್ನೂ ನಮಗೇ ಕುಡಿಸಿದರು.

"ಸಾರ್, ಎಲ್ಲಾ ಸರಿ," ಎಂದ ಇಂಜಿನಿಯರ್ ಸಂಕಟದಿಂದ. "ಒಳಗೆ ಯಾರೂ ಇಲ್ಲ ಅಂದ್ರೆ, ಇಷ್ಟು ಜನ ಯಾಕೆ ಬಂದ್ವಿ ಅಂತ ನಾನು ಏನು ಬರೀಲಿ?"

ಗಂಟಲು ಹಾಲಿನ ಲೋಟ ಕೆಳಗಿಟ್ಟು, ಅವನಿಗೆ ನಿಧಾನವಾಗಿ ಬರೆಸಿದ. "ಹನ್ನೊಂದು ವರ್ಷದಿಂದ ಕಾಣದಿದ್ದ ವ್ಯಕ್ತಿ ಸ್ಥಳದಲ್ಲೇ ಪತ್ತೆಯಾದರು ಪೂರ್ಣವಿರಾಮ. ಆರೋಗ್ಯವಾಗಿದ್ದಾರೆ ಪೂರ್ಣವಿರಾಮ." ನಗರಸಭೆಯ ಕಡತದಲ್ಲಿ ಅದು ಹಾಗೆಯೇ ಇದೆ, 'ಪೂರ್ಣವಿರಾಮ' ಎಂಬ ಪದವನ್ನೂ ಅವನು ಬಿಡದೆ ಬರೆದುಕೊಂಡಿದ್ದ. ಈ ಯಶಸ್ಸಿಗಾಗಿ ಆ ಇಂಜಿನಿಯರನಿಗೆ ಪ್ರಶಂಸಾಪತ್ರವೂ ಸಿಕ್ಕಿತು. ಮುಚ್ಚಳವನ್ನು ಮಾತ್ರ ಯಾರೂ ಬದಲಾಯಿಸಲಿಲ್ಲ.

ಈಗ ವಾರಕ್ಕೆ ಮೂರು ದಿನ ಗಂಟಲು ಎರಡು ಬಸ್ಸು ಬದಲಿಸಿ ನಮ್ಮ ಮನೆಗೆ ಬರುತ್ತಾನೆ. ಪರದೆಯ ಬಲಪಕ್ಕಕ್ಕೆ ಒಂದು ಕುರ್ಚಿ ಹಾಕಿದ್ದೇನೆ. ಅವನು ಬರುವಾಗ ಎಲ್ಲಿಂದಲೋ ಅಚ್ಚಾದ ಪತ್ರಿಕೆಯೊಂದನ್ನು ಹಿಡಿದುಕೊಂಡು ಬಂದು ಗಟ್ಟಿಯಾಗಿ ಓದುತ್ತಾನೆ; ನಾನು ಅದೇ ಸುದ್ದಿಯನ್ನು ಪರದೆಯಲ್ಲಿ ಬೆರಳಿಟ್ಟು ನೋಡುತ್ತೇನೆ. ತಪ್ಪು ಸಿಕ್ಕರೆ ಇಬ್ಬರಿಗೂ ಸಂತೋಷ. ಸಿಗದಿದ್ದರೆ ಸ್ವಲ್ಪ ಬೇಸರ. ನಾವು ತಿದ್ದಿದ್ದನ್ನು ಯಾರಿಗೂ ಕಳುಹಿಸುವುದಿಲ್ಲ.

ಮೊನ್ನೆ ಮಗಳು ಫೋನು ಮಾಡಿದ್ದಳು. ಅವಳು ಅಂಗಡಿಯಿಂದಲೇ ನನ್ನ ಕಂಪ್ಯೂಟರನ್ನು ಆಗಾಗ ಪರೀಕ್ಷೆ ಮಾಡುತ್ತಾಳಂತೆ.

"ಅಪ್ಪ, ಕಂಪ್ಯೂಟರ್ ಕೆಟ್ಟಿದೆಯಾ? ಎಡಗಡೆ ಕಿಟಕಿ ಒಂದೇ ತೆರೆದಿದ್ದೀಯ. ಬಲಗಡೇದು ಎಷ್ಟೋ ದಿನದಿಂದ ಮುಚ್ಚೇ ಇದೆ."

"ಕೆಟ್ಟಿಲ್ಲಮ್ಮ. ಆ ಕಡೆಗೆ ಜನ ಬಂದಿದ್ದಾರೆ" ಎಂದೆ.

ಏನಂದೆ, ಏನಂದೆ ಎಂದು ಅವಳು ಕೇಳುತ್ತಲೇ ಇದ್ದಳು. ಇಲ್ಲಿ ಓದು ಶುರುವಾಗಿತ್ತು, ನನ್ನ ಮಾತು ಅವಳಿಗೆ ಕೇಳಿಸಲಿಲ್ಲ.